ಸೊಪ್ಪಿನ ಹಸಿರಿನೊಳಗಿನ ಕೆಂಪು

ಗದಗ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ಈ ವಾರ ಮಕ್ಕಳಿಂದಲೇ ಪ್ರಯೋಗ ಮಾಡಿಸುತ್ತ ನೇರಳಾತೀತ ಕಿರಣಗಳ ಪಾಠ ನಡೆಸಿದೆ. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿ, 365 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಟಾರ್ಚನ್ನು ಯಾರ ಕಣ್ಣಿಗೂ ಬೀಳದಂತೆ ಕೆಳಮುಖವಾಗಿ ಹಿಡಿದಾಗ ನೋಟಿನ ಮೇಲಿನ ಸಂಖ್ಯೆಗಳು ಹೊಳೆದವು. ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸಲು ಬೆರೆಸುವ ರಾಸಾಯನಿಕಗಳಿಂದಾಗಿ ಬಿಳಿ ಅಂಗಿಗಳೂ ನೀಲಿಯಾಗಿ ಬೆಳಗಿದವು.

ಆದರೆ ಮಕ್ಕಳನ್ನು ನಿಜವಾಗಿ ಬೆರಗುಗೊಳಿಸಿದ್ದು ಪಾಲಕ್ ಸೊಪ್ಪು. ಅದನ್ನು ಜಜ್ಜಿ, ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದ ಹಸಿರು ದ್ರವವು ಟಾರ್ಚಿನ ಕೆಳಗೆ ಕಡುಗೆಂಪಾಗಿ ಕಂಡಿತು. ಜೀವಂತ ಎಲೆಯಲ್ಲಿ ಪತ್ರಹರಿತ್ತು ಹೀರಿದ ಶಕ್ತಿಯ ದೊಡ್ಡ ಪಾಲು ದ್ಯುತಿಸಂಶ್ಲೇಷಣೆಗೆ ಸಲ್ಲುತ್ತದೆ. ಎಲೆಯಿಂದ ಬೇರ್ಪಟ್ಟಾಗ ಆ ದಾರಿ ಮುಚ್ಚಿಹೋಗಿ, ಶಕ್ತಿಯ ಒಂದಂಶ ಕೆಂಪು ಬೆಳಕಾಗಿ ಹೊರಬೀಳುತ್ತದೆ. ಹೀರಿದ ಬೆಳಕಿಗಿಂತ ಹೊರಬರುವ ಬೆಳಕಿನ ತರಂಗಾಂತರ ಹೆಚ್ಚಿರುತ್ತದೆ ಎಂಬುದನ್ನು ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1852ರಲ್ಲಿಯೇ ವಿವರಿಸಿದ್ದರು. ಆ ಮಾತನ್ನು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ, ಆದರೆ ಅದು ಮಕ್ಕಳ ಮನಸ್ಸಿಗೆ ಇಷ್ಟು ಬೇಗ ಇಳಿದದ್ದನ್ನು ಹಿಂದೆಂದೂ ಕಂಡಿರಲಿಲ್ಲ.

“ಬಿಸಿಲಿನಲ್ಲಿ ಇದು ಯಾಕೆ ಕಾಣುವುದಿಲ್ಲ, ಸರ್?” ಎಂದು ಒಬ್ಬ ಹುಡುಗಿ ಕೇಳಿದಳು. ಆ ಮಂದ ಬೆಳಕು ಹಗಲಿನ ಪ್ರಖರತೆಯಲ್ಲಿ ಮುಳುಗಿಹೋಗುತ್ತದೆ ಎಂಬ ಉತ್ತರವನ್ನು, ಅವಳ ಕೈಯಿಂದಲೇ ಕಿಟಕಿಯ ಬಟ್ಟೆ ಸರಿಸಿ ತೋರಿಸಿದೆ.