ಯಾವ ಸ್ವರ ಯಾವ ಬೀಟಿನ ಮೇಲೆ: ಪಾರ್ಕರ್ ಸೋಲೋಗಳಿಂದ ಕಲಿಯುವುದು

ಜಾಝ್ ಕಲಿಯುವ ಬಹಳಷ್ಟು ಮಂದಿ ಸ್ಕೇಲುಗಳಲ್ಲೇ (ಕ್ರಮವಾಗಿ ಏರಿಳಿಯುವ ಸ್ವರಗಳ ಸಾಲು) ಸಿಕ್ಕಿಹಾಕಿಕೊಳ್ಳುತ್ತಾರೆ. ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೊಂದುವ ಸ್ಕೇಲ್ ಗೊತ್ತು, ಬೆರಳೂ ಓಡುತ್ತದೆ, ಆದರೂ ನುಡಿಸಿದ್ದು ಜಾಝ್ ಅನ್ನಿಸುವುದಿಲ್ಲ. ಯಾವ ಸ್ವರ ಯಾವ ಬೀಟಿನ (ತಾಳದ ಎಣಿಕೆಯ) ಮೇಲೆ ಬಂದು ಕೂರುತ್ತದೆ ಎಂಬುದನ್ನು ಗಮನಿಸದೇ ಇರುವುದೇ ಇದಕ್ಕೆ ಮುಖ್ಯ ಕಾರಣ ಎಂದು ನನ್ನ ನಂಬಿಕೆ. ಚಾರ್ಲಿ ಪಾರ್ಕರ್ ನುಡಿಸುವಾಗ ಪಿಯಾನೊ ಕಡೆ ಕಿವಿಗೊಡಬೇಕಾಗಿಯೇ ಇಲ್ಲ; ಕಾರ್ಡ್ ಬದಲಾದದ್ದು ಅವರ ಸ್ಯಾಕ್ಸೊಫೋನಿನಲ್ಲೇ ಕೇಳಿಸುತ್ತದೆ.

ಡಿ ಮೈನರ್ 7, ಜಿ 7, ಸಿ ಮೇಜರ್ 7. ಜಾಝ್‌ನಲ್ಲಿ ಪದೇಪದೇ ಎದುರಾಗುವ ಕಾರ್ಡುಗಳ ನಡೆ ಇದು. ಮೊದಲ ಕಾರ್ಡಿನ ಏಳನೆಯ ಸ್ವರ ಸಿ. ಅದು ಅರ್ಧ ಸ್ವರ (ಪಿಯಾನೊದಲ್ಲಿ ಪಕ್ಕದ ಕೀಲಿಯಷ್ಟು ಅಂತರ) ಇಳಿದರೆ ಬಿ, ಅಂದರೆ ಜಿ 7ರ ಮೂರನೆಯ ಸ್ವರ. ಜಿ 7ರ ಏಳನೆಯದು ಎಫ್. ಅದೂ ಅರ್ಧ ಸ್ವರ ಇಳಿದರೆ ಇ, ಸಿ ಮೇಜರಿನ ಮೂರನೆಯದು. ಕಾರ್ಡ್ ಬದಲಾಗುವ ಬೀಟಿಗೆ ಸರಿಯಾಗಿ ಈ ಇಳಿಕೆ ಬಂದರೆ ನಡೆ ಕೇಳುವವರ ಕಿವಿಗೆ ತಲುಪಿತು ಎಂದೇ ಅರ್ಥ.

ಈಗ ಜಿ 7ರ ಮೇಲೆ, ಬೀಟಿಗೆ ಎರಡು ಸ್ವರದಂತೆ ಜಿಯಿಂದ ಕೆಳಗಿಳಿಯಿರಿ: ಜಿ, ಎಫ್, ಇ, ಡಿ, ಸಿ, ಬಿ, ಎ. ಬೀಟಿನ ಮೇಲೆ ಬೀಳುವವು ಜಿ, ಇ, ಸಿ, ಎ. ಇದು ಎ ಮೈನರ್ 7 ಕಾರ್ಡ್! ಜಿ 7ಕ್ಕೆ ಜೀವವಾದ ಬಿ, ಎಫ್ ಎರಡೂ ಬೀಟುಗಳ ನಡುವೆ ಮುಚ್ಚಿಹೋದವು. ಜಿ ಮತ್ತು ಎಫ್ ನಡುವೆ ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು) ಸೇರಿಸಿ ನೋಡಿ. ಬೀಟಿನ ಮೇಲೆ ಜಿ, ಎಫ್, ಡಿ, ಬಿ ಬರುತ್ತವೆ, ಮುಂದಿನ ಬಾರಿನ (ಇಲ್ಲಿ ನಾಲ್ಕು ಬೀಟುಗಳ ಒಂದು ಆವರ್ತ) ಮೊದಲ ಬೀಟಿಗೆ ಮತ್ತೆ ಜಿ. ಬೀಬಾಪ್ (ಪಾರ್ಕರ್ ನುಡಿಸಿದ ಜಾಝ್ ಶೈಲಿ) ಸ್ಕೇಲ್ ಎನ್ನುವುದು ಇದನ್ನೇ. ಆದರೆ ಎಫ್ ಶಾರ್ಪನ್ನು ಎಲ್ಲೆಂದರಲ್ಲಿ ತುರುಕಬಾರದು. ಬೀಟಿನ ಮೇಲೆ ಎಯಿಂದ ಇಳಿಯಲು ಶುರು ಮಾಡಿದರೆ ಅದು ಬೇಡವೇ ಬೇಡ: ಎ, ಎಫ್, ಡಿ, ಬಿ ತಾವಾಗಿಯೇ ಬೀಟಿಗೆ ಬೀಳುತ್ತವೆ. ಡೆಟ್ರಾಯಿಟಿನ ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ದಶಕಗಳ ಕಾಲ ಕಲಿಸಿದ್ದು ಈ ಲೆಕ್ಕಾಚಾರವನ್ನೇ.

ಗುರಿಯ ಸ್ವರವನ್ನು ಎರಡೂ ಕಡೆಯಿಂದ ಸುತ್ತುವರಿಯುವುದು ಇನ್ನೊಂದು ಉಪಾಯ. ಮೊದಲ ಬೀಟಿಗೆ ಇ ಬೇಕಿದ್ದರೆ, ಹಿಂದಿನ ಬಾರಿನ ನಾಲ್ಕನೆಯ ಬೀಟಿನಲ್ಲಿ ಎಫ್, ಅದರ ಉತ್ತರಾರ್ಧದಲ್ಲಿ ಡಿ ಶಾರ್ಪ್, ಆಮೇಲೆ ಇ.

ಇದನ್ನೆಲ್ಲ ಕಾಗದದಿಂದಲ್ಲ, ರೆಕಾರ್ಡಿನಿಂದ ಕಲಿಯಬೇಕು. ಪಾರ್ಕರ್ ಅವರ 1945ರ ‘ಕೋಕೋ’ದಿಂದ ಆರಂಭಿಸಬೇಡಿ, ಅದರ ವೇಗ ನಿಮಿಷಕ್ಕೆ ಸುಮಾರು 300 ಬೀಟ್. ಪಾರ್ಕರ್ ಅವರೇ ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಸೋಲೋಗಳನ್ನು ಕಂಠಪಾಠ ಮಾಡಿದವರು. ಯಂಗ್ 1936ರಲ್ಲಿ ನುಡಿಸಿದ ‘ಲೇಡಿ ಬಿ ಗುಡ್’ ಒಳ್ಳೆಯ ಆರಂಭ. ನಾಲ್ಕೇ ಬಾರ್ ಆರಿಸಿಕೊಂಡು, ಮೂಲದ ಜೊತೆ ಉಸಿರೂ ಒತ್ತೂ ಹೊಂದುವವರೆಗೆ ಹಾಡಿ. ವಾದ್ಯ ಕೈಗೆತ್ತಿಕೊಳ್ಳುವುದು ಆಮೇಲೆ. ಕೊನೆಗೆ ಅದನ್ನು ಹನ್ನೆರಡೂ ಕೀಗಳಿಗೆ (ಶ್ರುತಿಗಳಿಗೆ) ಒಯ್ಯಿರಿ. ಮೊದಲೇ ಬರಹದ ನೊಟೇಶನ್ ನೋಡಿದವರ ಸ್ವರ ಸರಿ ಇರುತ್ತದೆ, ಒತ್ತು ಮಾತ್ರ ತಪ್ಪಿರುತ್ತದೆ.

ಜಾಝ್ ಲಯದ ತೂಗಾಟವಾದ ಸ್ವಿಂಗಿನಲ್ಲೂ ಹೀಗೇ. ಬೀಟಿನ ಮೊದಲ ಅರ್ಧ ಉದ್ದ, ಎರಡನೆಯದು ಗಿಡ್ಡ ಎಂಬ 2:1 ಲೆಕ್ಕ ಮಧ್ಯಮ ವೇಗಕ್ಕೆ ಸರಿ. ವೇಗ ಹೆಚ್ಚಿದಂತೆ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಆಗಲೂ 2:1ಕ್ಕೇ ಅಂಟಿಕೊಂಡರೆ ಕುಂಟಿದಂತೆ ಕೇಳುತ್ತದೆ. 120ರ ವೇಗದಲ್ಲಿ ಅಭ್ಯಾಸಕ್ಕೆ, ತಾಳ ಬಡಿಯುವ ಮೆಟ್ರೊನೋಮನ್ನು 60ಕ್ಕಿಟ್ಟು, ಅದರ ಸದ್ದನ್ನು 2 ಮತ್ತು 4ನೆಯ ಬೀಟು ಎಂದು ಎಣಿಸಿ.

ಕಾರ್ಡುಗಳೇ ಕಡಿಮೆ ಇರುವ ಕಡೆ? ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ನಲ್ಲಿ 16 ಬಾರ್ ಡಿ ಡೋರಿಯನ್ (ಡಿಯಿಂದ ಶುರುವಾಗುವ ಒಂದು ಬಗೆಯ ಸ್ಕೇಲ್), 8 ಬಾರ್ ಇ ಫ್ಲ್ಯಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಹೊಸಬರು ದಾರಿ ತಪ್ಪುವುದು 17ನೆಯ ಬಾರಿನಲ್ಲಿ. ಅಲ್ಲಿ ಮೂರನೆಯ ಸ್ವರ ಎಫ್‌ನಿಂದ ಜಿ ಫ್ಲ್ಯಾಟಿಗೆ ಏರುತ್ತದೆ, 25ರಲ್ಲಿ ಎಫ್‌ಗೆ ಮರಳುತ್ತದೆ. ಉಳಿದದ್ದೆಲ್ಲ ಬಿಟ್ಟು, ಮೊದಲು ಆ ಎರಡು ಸ್ವರಗಳನ್ನಷ್ಟೇ ಆಯಾ ಬಾರಿನ ಮೊದಲ ಬೀಟಿಗೆ ನುಡಿಸಿ.