ಹಳೇಬೀಡಿನಲ್ಲಿ ಪೆನ್ಸಿಲ್ ಹಿಡಿದು ಕಳೆದ ಒಂದು ಭಾನುವಾರ

ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿಲೋಮೀಟರ್. ಬೆಳಗಿನ ಬಸ್ಸಿನಲ್ಲಿ ಹೊರಟಾಗ ನಾವು ಹನ್ನೊಂದು ಜನ ಇದ್ದೆವು. ಡ್ರಾಯಿಂಗ್ ಮೇಷ್ಟ್ರು, ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು, ಕಾಲೇಜು ಹುಡುಗರು, ಜೊತೆಗೆ ಮೂರನೇ ಕ್ಲಾಸಿನಲ್ಲಿ ಓದುವ ನನ್ನ ಅಕ್ಕನ ಮಗಳು. ತಿಂಗಳಿಗೊಂದು ಭಾನುವಾರ ಎಲ್ಲಾದರೂ ಕೂತು ಚಿತ್ರ ಬರೆಯುವುದು ನಮ್ಮ ಗುಂಪಿನ ರೂಢಿ.

ಹೊಯ್ಸಳೇಶ್ವರ ಗುಡಿ ಕಣ್ಣೆದುರೇ ಇತ್ತು. ಆದರೂ ನಾವು ಹೋಗಿ ಕೂತದ್ದು ಪಕ್ಕದ ಪುರಾತತ್ವ ಇಲಾಖೆಯ ಮ್ಯೂಸಿಯಂನಲ್ಲಿ. ಗುಡಿಯ ಗೋಡೆ ಬರೆಯುವವರ ಕಣ್ಣಿಗೆ ಬಿಡುವು ಕೊಡುವುದಿಲ್ಲ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಕುದುರೆ, ಬಳ್ಳಿ, ಪುರಾಣದ ಕಥೆ, ಇನ್ನೂ ಮೇಲೆ ದೇವರುಗಳು. ಒಂದು ಆನೆ ಮುಗಿಸುವಷ್ಟರಲ್ಲಿ ಪಕ್ಕದ್ದು ಕರೆಯುತ್ತದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿ, ಭಾನುವಾರ ಜನವೂ ಜಾಸ್ತಿ. ಮ್ಯೂಸಿಯಂನಲ್ಲಿ ಹಾಗಲ್ಲ. ಒಂದೊಂದು ಮೂರ್ತಿಗೂ ಸುತ್ತ ಜಾಗ ಇದೆ.

ನಾವು ಆರಿಸಿದ್ದು ಬಯಲಿನಲ್ಲಿ ನಿಂತ ಒಂದು ಹೆಣ್ಣು ಮೂರ್ತಿ. ಎರಡೂ ಕೈ ಮೊಣಕೈ ಹತ್ತಿರವೇ ಮುರಿದಿವೆ. "ಒಡವೆಗೆ ಈಗಲೇ ಕೈ ಹಾಕಬೇಡಿ" ಎಂದರು ಮೇಷ್ಟ್ರು. "ತಲೆ, ಎದೆ, ಸೊಂಟ, ಮೂರಕ್ಕೂ ಒಂದೊಂದು ಗೆರೆ ಎಳೀರಿ. ಮೂರೂ ಬೇರೆ ಬೇರೆ ಕಡೆ ವಾಲಿರ್ತಾವೆ, ನೋಡಿ." ಹಾಗೇ ಎಳೆದೆ. ಮೂರೇ ಗೆರೆಗೆ ಮೂರ್ತಿ ನಿಂತುಕೊಂಡಿತು! ಒಡವೆ ಬರೆಯಲು ಹೊರಟಾಗಲೇ ಕಷ್ಟ ಗೊತ್ತಾಗಿದ್ದು. ಹೊಯ್ಸಳರ ಶಿಲ್ಪಿಗಳು ಮಣಿಸರದ ಹಿಂದೆಯೂ ಕೊರೆದು ಸಂದು ಬಿಟ್ಟಿದ್ದಾರೆ. ಆ ಸಂದಿಯ ಕತ್ತಲೆ ಸರಿಯಾಗಿ ಬಂದರೆ ಮಾತ್ರ ಸರ ಎದ್ದು ಕಾಣುತ್ತದೆ. ಬಿಸಿಲು ಸರಿದಂತೆ ನೆರಳೂ ಸರಿಯುತ್ತದೆ. ಅದಕ್ಕೇ ನೆರಳಿನ ಅಂಚನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು.

"ಇದು ಯಾವ ಕಲ್ಲು ಚಿಕ್ಕಮ್ಮಾ?" ಎಂದಳು ಮಗು.

"ಬಳಪದ ಕಲ್ಲು."

"ನನ್ನ ಸ್ಲೇಟಿನ ಬಳಪಾನಾ?"

ಹೌದು, ಆ ಜಾತಿಯದೇ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಇಷ್ಟು ಸಣ್ಣ ಕೆತ್ತನೆ ಸಾಧ್ಯವಾಗಿದ್ದಕ್ಕೆ ಆ ಮೆದು ಗುಣವೂ ಒಂದು ಕಾರಣ. ಅಕ್ಷರ ಕಲಿಯುವಾಗ ನಾವೆಲ್ಲ ಹಿಡಿದದ್ದು ಅದನ್ನೇ ಅಲ್ವಾ, ಎನಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮಧ್ಯಾಹ್ನ ದ್ವಾರಸಮುದ್ರದ ಕೆರೆ ಕಡೆ ಹೋಗಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದು ಬಂದೆವು. ನೀವೂ ಹೋಗುವುದಾದರೆ ಶುಕ್ರವಾರ ಬೇಡ, ಅವತ್ತು ಮ್ಯೂಸಿಯಂಗೆ ರಜೆ. ಕೂರಲು ಒಂದು ಚಾಪೆ ಇರಲಿ. ನೀರಿನ ಬಣ್ಣವನ್ನು ನಾವು ಚೀಲದಿಂದ ತೆಗೆಯಲೇ ಇಲ್ಲ. ಕಲ್ಲಿನ ಮೇಲೆ ಒಂದು ಹನಿ ಬಿದ್ದರೂ ತಪ್ಪೇ.

ನಾಲ್ಕು ಗಂಟೆಗೆ ಪುಸ್ತಕಗಳನ್ನೆಲ್ಲ ಚಾಪೆ ಮೇಲೆ ಹರಡಿದೆವು. ಎಲ್ಲರೂ ಮುಖ, ಸೊಂಟ, ಒಡವೆ ಬರೆದಿದ್ದರೆ ಬ್ಯಾಂಕಿನ ಸರ್ ಬರೆದದ್ದು ಮೂರ್ತಿಯ ಬೆನ್ನನ್ನು. ಗುಡಿಯ ಗೋಡೆಗೆ ಅಂಟಿದ್ದಾಗ ಯಾರಿಗೂ ಕಾಣದೆ ಉಳಿದಿದ್ದ ಒರಟು ಭಾಗ ಅದು. ಅದರ ತುಂಬ ಉಳಿಯ ಗುರುತುಗಳು. ಒಂದೊಂದನ್ನೂ ಅವರು ಬಿಡದೆ ಬರೆದಿದ್ದರು. ಬೇಲೂರಿನ ಕೆಲವು ಮೂರ್ತಿಗಳ ಕೆಳಗೆ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರಿದೆ. ಈ ಮೂರ್ತಿಯಲ್ಲಿ ನಮಗೆ ಯಾವ ಹೆಸರೂ ಕಾಣಲಿಲ್ಲ.

"ಗುರುತೆಲ್ಲ ಒಂದೇ ಕಡೆ ವಾಲಿವೆ ನೋಡಿ. ಎಡಗೈಯವನಿರಬೇಕು" ಎಂದರು ಸರ್. ಮೇಷ್ಟ್ರು ಒಪ್ಪಲಿಲ್ಲ, ಕಲ್ಲನ್ನು ಮಲಗಿಸಿ ಹೊಡೆದಿರಬಹುದು ಎಂದರು. ಹಾಸನ ಬರುವವರೆಗೂ ಬಸ್ಸಿನಲ್ಲಿ ಅದೇ ಮಾತು.