ಮೊದಲ ಅಲ್ಯೂಮಿನಿಯಂ ದೋಣಿಯ ಆಯ್ಕೆ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮೊದಲ ಅಲ್ಯೂಮಿನಿಯಂ ದೋಣಿ ಕೊಳ್ಳುವವರು ಎಂಜಿನ್ನಿಗಿಂತ ಮುಂಚೆ ತಳವನ್ನು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಚಪ್ಪಟೆ ತಳದ ಜಾನ್ ಬೋಟ್ ಜೊಂಡು ಬೆಳೆದ ಆಳವಿಲ್ಲದ ನೀರಿನಲ್ಲಿ ಬಾತುಕೋಳಿ ಬೇಟೆಗೆ ಹೇಳಿ ಮಾಡಿಸಿದಂತಿದ್ದರೂ, ವಾಲ್‌ಐ ಮೀನಿಗೆ ಹೆಸರಾದ ಮಿಲ್ ಲ್ಯಾಕ್ಸ್‌ನಂಥ ವಿಶಾಲ ಸರೋವರದಲ್ಲಿ ಗಾಳಿ ಎದ್ದಾಗ ಮಕ್ಕಳನ್ನು ಕೂರಿಸಿಕೊಂಡು ಹೋಗಲು ತಕ್ಕುದಲ್ಲ. ಬೇಟೆ, ಮೀನುಗಾರಿಕೆ, ಕುಟುಂಬದ ವಿಹಾರ ಈ ಮೂರೂ ಕೆಲಸಕ್ಕೆ ಒಂದೇ ದೋಣಿ ಬೇಕೆಂದಾದರೆ, ಮುಂಭಾಗ ವಿ ಆಕಾರದಲ್ಲಿದ್ದು ಹಿಂದಕ್ಕೆ ಹೋದಂತೆ ಚಪ್ಪಟೆಯಾಗುವ, ಪಕ್ಕಗಳು ಎತ್ತರವಾಗಿರುವ 16 ಅಡಿಯ ದೋಣಿಯನ್ನೇ ನಾನು ಆರಿಸುತ್ತೇನೆ. ಹಳೆಯದಾದರೆ, ಟ್ರೇಲರ್ ಮೇಲಿರುವಾಗಲೇ ಒಳಗೆ ಸ್ವಲ್ಪ ನೀರು ಸುರಿದು, ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಸಾಲುಗಳಲ್ಲಿ ಹನಿ ಜಿನುಗುತ್ತದೆಯೇ ಎಂದು ಹೊರಗಿನಿಂದ ಬೆರಳಾಡಿಸಿ ನೋಡಬೇಕು. 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಅಮೆರಿಕದಲ್ಲಿ ಕಡ್ಡಾಯವಾಗಿರುವ ಸಾಮರ್ಥ್ಯ ಫಲಕದಲ್ಲಿನ ತೂಕದೊಳಗೆ ಕುಟುಂಬದವರು, ಮೋಟಾರು, ನಾಯಿ, ಸಾಮಾನು ಎಲ್ಲವೂ ಸೇರಬೇಕು. 10 ವರ್ಷದೊಳಗಿನ ಮಕ್ಕಳು ದೋಣಿ ಸಾಗುವಾಗ ಲೈಫ್ ಜಾಕೆಟ್ ತೊಟ್ಟಿರಬೇಕೆಂಬುದು ಈ ರಾಜ್ಯದ ನಿಯಮ.